ಖಂಡನೆ ಸಾಲದು

ಸಾರ್ವಜನಿಕರಿಗೆ ಮೊದಲೇ ತಿಳಿಸುವುದೇನೆಂದರೆ, ಖಂಡನೆ ಎಂಬುದು ಮನಸ್ಸಿನೊಳಗೆ ಮಾಡಿಕೊಳ್ಳುವ ಕೆಲಸವಲ್ಲ. ಅದಕ್ಕೊಂದು ಕಚೇರಿ ಇದೆ, ಕಚೇರಿಗೊಂದು ಅಂಗಳವಿದೆ, ಅಂಗಳದಲ್ಲಿ ಮೈಕಿದೆ. ಯಾರೇ ಆಗಲಿ ಮತದ ಹೆಸರು ಹೇಳಿ ಕೈ ಎತ್ತಿದರೆ, ಆ ಮತದ ಗುರುಗಳು ಕಚೇರಿಯ ವೇಳೆಯಲ್ಲಿ ಬಂದು ಮೈಕಿನ ಮುಂದೆ ನಿಂತು ಅದನ್ನು ಖಂಡಿಸತಕ್ಕದ್ದು. ಖಂಡನೆ ಅಂಗೀಕಾರವಾಗುವವರೆಗೆ ಅವರು ಮದುವೆ, ನಾಮಕರಣ, ಶವಸಂಸ್ಕಾರ ಯಾವುದನ್ನೂ ನಡೆಸತಕ್ಕದ್ದಲ್ಲ.

ದೊಡ್ಡ ಮತದವರಾದ ನಮಗೆ ಈ ನಿಯಮ ಅನ್ವಯಿಸುವುದಿಲ್ಲ. ನಮ್ಮಲ್ಲಿ ಕೈ ಎತ್ತಿದವನಿಗೆ ಸಿಟ್ಟು ಬಂದಿರುತ್ತದೆ, ಅಷ್ಟೆ. ಚಿಕ್ಕ ಮತದವರಿಗೆ ಸಿಟ್ಟು ಬರುವುದಿಲ್ಲ, ಅವರಿಗೆ ಮತ ಬರುತ್ತದೆ.

ಮೈಕಿನ ಉಸ್ತುವಾರಿ ನನ್ನದು. ಊರಿನ ನೆಮ್ಮದಿ ಆ ಮೈಕಿನ ಮೇಲೆ ನಿಂತಿದೆ ಎಂದು ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕೆಲಸ ನಿಮ್ಮದು" ಅನ್ನುತ್ತಾಳೆ. ಎತ್ತು ಎಮ್ಮೆ ಎರಡೂ ಒಂದೇ ಕೊಟ್ಟಿಗೆಯವು ಎಂಬುದು ಆಕೆಗೆ ಹೊಳೆಯುವುದಿಲ್ಲ. ಸರ್ಕಾರಿ ಕೆಲಸದ ಗಾಂಭೀರ್ಯ ಎಲ್ಲರಿಗೂ ತಿಳಿಯುವಂಥದ್ದಲ್ಲ.

ಮೊನ್ನೆ ನಡೆದದ್ದು ಇಷ್ಟು. ಮಾರುಕಟ್ಟೆ ಬೀದಿಯ ಟೈಲರ್ ಅಂಗಡಿಗೆ ಗಿರಾಕಿಯೊಬ್ಬ ಬಂದು, ಹೊಲಿಸಿದ ಪ್ಯಾಂಟು ತೊಟ್ಟು ಕನ್ನಡಿ ಮುಂದೆ ನಿಂತ. ಪ್ಯಾಂಟು ಪಾದದಿಂದ ಒಂದು ಗೇಣು ಮೇಲೆಯೇ ನಿಂತಿತು. "ದೇವರಾಣೆಗೂ ಇದು ನನ್ನ ಅಳತೆ ಅಲ್ಲ" ಎಂದು ಕೂಗಿದವನೇ ಮೇಜಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆ ಎತ್ತಿ ಎಸೆದ. ಅದು ತಣ್ಣಗಿದ್ದದ್ದು ಪುಣ್ಯ. ಟೈಲರ್ ಹಣೆ ಒಡೆದು ಆಸ್ಪತ್ರೆ ಸೇರಿದರು.

ನಮ್ಮ ಕಚೇರಿ ಪ್ಯಾಂಟನ್ನು ಪರಿಗಣಿಸಲಿಲ್ಲ. ದೇವರ ಹೆಸರು ಬಂದದ್ದರಿಂದ ಘಟನೆ ಮತೀಯ ಹಿಂಸೆಯೆಂದು ದಾಖಲಾಯಿತು. ಯಾವ ದೇವರು ಎಂದು ಪೊಲೀಸರು ಕೇಳಿದ್ದಕ್ಕೆ ಗಿರಾಕಿ ಕೆಳಬೀದಿಯ ಪ್ರಾರ್ಥನಾ ಮಂದಿರದ ಕಡೆ ಬೆರಳು ತೋರಿಸಿದ. ಟೈಲರೂ ಅದೇ ಮಂದಿರದವರು. ಭಾನುವಾರ ಅಲ್ಲೇ ಅವರ ಮಗಳ ಮದುವೆ ನಿಶ್ಚಯವಾಗಿತ್ತು. ವರ ಹಡಗಿನ ಕೆಲಸದವನು. ಸೋಮವಾರ ಹಡಗು ಹತ್ತಿದನೆಂದರೆ ಮತ್ತೆ ನೆಲ ಕಾಣುವುದು ಎರಡು ವರ್ಷಕ್ಕೆ. ಹೀಗಾಗಿ ಮದುವೆ ಆಗುವುದೂ ಬಿಡುವುದೂ ಗುರುಗಳ ಖಂಡನೆಯ ಮೇಲೆ ನಿಂತಿತು.

ಗುರುಗಳು ಬಂದದ್ದೇ ತಡವಾಗಿ.

"ಎಲ್ಲಿ ಹೋಗಿದ್ರಿ?" ಎಂದು ನಮ್ಮ ಮುಖ್ಯಾಧಿಕಾರಿ ಮೇಡಂ ಕೇಳಿದರು.

"ಆಸ್ಪತ್ರೆಗೆ ತಾಯಿ. ಟೈಲರ್ ಪಕ್ಕ ಕೂತಿದ್ದೆ."

"ಯಾರಾದ್ರೂ ನೋಡಿದ್ರಾ?"

"ಟೈಲರ್ ನೋಡಿದ್ರು."

"ಅದು ಖಾಸಗಿ ದುಃಖ, ಲೆಕ್ಕಕ್ಕೆ ಬರಲ್ಲ. ಮೊದಲು ಮೈಕು, ಆಮೇಲೆ ಗಾಯಾಳು. ಇಷ್ಟು ತಡ ಮಾಡಿದ್ರಿ ಅಂದ್ರೆ ಖಂಡಿಸ್ಲೋ ಬೇಡ್ವೋ ಅಂತ ಮೀನಮೇಷ ಎಣಿಸ್ತಿದ್ರಿ ಅಂತ ಆಯ್ತು."

"ಆ ಮನುಷ್ಯನ್ನ ನಾನು ಮಂದಿರದಲ್ಲಿ ಒಂದು ದಿನವೂ ಕಂಡಿಲ್ಲ."

"ಅದಕ್ಕೇ ಹೇಳೋದು. ಮಂದಿರಕ್ಕೆ ಬರೋವ್ರು ಹೇಗೂ ಸುಮ್ನಿರ್ತಾರೆ. ಬರದೇ ಇರೋವ್ರಿಗೇ ನೀವು ಜವಾಬ್ದಾರಿ."

ಗುರುಗಳು ಮೈಕಿನ ಕಡೆ ನಡೆದರು. ಎದುರಾಡಲಾಗದ ಮಾತು ಆಡುವುದರಲ್ಲಿ ಮೇಡಂ ಅವರನ್ನು ಮೀರಿಸುವವರು ಇಲಾಖೆಯಲ್ಲೇ ಇಲ್ಲ.

ಖಂಡನೆಯ ಗುಣಮಟ್ಟ ಅಳೆಯಲು ನಮ್ಮಲ್ಲಿ ನಿವೃತ್ತ ಸಂಗೀತ ಮೇಷ್ಟ್ರೊಬ್ಬರಿದ್ದಾರೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಗುರುಗಳು ಮೈಕಿನ ಮುಂದೆ ನಿಂತು, "ಒಬ್ಬರ ತಲೆ ಒಡೆಯೋದು ಪಾಪ. ಯಾರು ಮಾಡಿದ್ರೂ ಪಾಪ" ಎಂದರು.

"ಯಾರು ಮಾಡಿದ್ರೂ ಅಂದ್ರಲ್ಲ, ಅದರಲ್ಲಿ ನಾವೂ ಸೇರಿಬಿಟ್ವಿ" ಎಂದರು ಮೇಷ್ಟ್ರು. ಖಂಡನೆ ತಿರಸ್ಕೃತವಾಯಿತು.

ಮಾರನೆಯ ದಿನ ಗುರುಗಳು ತಯಾರಾಗಿ ಬಂದರು. ಎದೆ ಬಡಿದುಕೊಂಡರು, ಗಂಟಲು ಹರಿಯುವಂತೆ ಕೂಗಿದರು. ಬೀದಿಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು. ನನಗೂ ಮೈ ಜುಮ್ಮೆಂದಿತು. ಮೇಷ್ಟ್ರು ಮಾತ್ರ ತಲೆ ಅಲ್ಲಾಡಿಸಿದರು. "ಇಷ್ಟು ಲೀಲಾಜಾಲವಾಗಿ ಖಂಡಿಸ್ತಾರೆ ಅಂದ್ರೆ ಅಭ್ಯಾಸ ಇದೆ. ಅಭ್ಯಾಸ ಯಾಕೆ ಬೇಕಾಯ್ತು?" ಇದೂ ತಿರಸ್ಕೃತವಾಯಿತು. ಮೂರನೆಯ ಸಲ ಗುರುಗಳು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಮೈಕು ಕೆಟ್ಟಿಲ್ಲ, ಮೌನ ಅವರದೇ ಎಂದು ನಾನು ಪ್ರಮಾಣ ಮಾಡಿ ಹೇಳಿದೆ. ಪಾಪ ಅನ್ನಿಸಿತು, ನಿಜ. ಹಾಗೆಂದು ನನ್ನ ಮೈಕಿಗೆ ಕೆಟ್ಟ ಹೆಸರು ತರಲಾದೀತೆ?

ಶನಿವಾರ ಗುರುಗಳ ಜೊತೆ ಟೈಲರೇ ಬಂದರು, ತಲೆಗೆ ಪಟ್ಟಿ ಸುತ್ತಿಕೊಂಡು. "ಮೇಡಂ, ಪೆಟ್ಟು ಬಿದ್ದದ್ದು ನನಗೆ. ಗುರುಗಳ ಮೇಲೆ ನಂದೇನೂ ದೂರಿಲ್ಲ. ಆ ಗಿರಾಕಿ ಮೇಲೂ ಅಷ್ಟೇನಿಲ್ಲ, ಪ್ಯಾಂಟು ನಿಜವಾಗ್ಲೂ ಗಿಡ್ಡ ಆಗಿತ್ತು. ನಾಳೆ ಮಗಳ ಮದುವೆ. ದಯವಿಟ್ಟು ಬಿಟ್ಟುಬಿಡಿ."

ಮೇಡಂ ಟೈಲರಿಗೆ ಕುರ್ಚಿ ಹಾಕಿಸಿದರು. ನಮ್ಮ ಕಚೇರಿಯಲ್ಲಿ ಮಾನವೀಯತೆಗೆ ಕೊರತೆ ಇಲ್ಲ. "ನಿಮ್ಮದೂ ಅದೇ ಮತ ಅಲ್ವಾ?" ಎಂದು ವಿಚಾರಿಸಿದರು.

"ಹೌದು."

"ಮತ್ತೆ ನೀವಿನ್ನೂ ಖಂಡಿಸೇ ಇಲ್ಲ."

ಟೈಲರ್ ಗುರುಗಳ ಮುಖ ನೋಡಿದರು. ಗುರುಗಳು ನೆಲ ನೋಡಿದರು. "ನನ್ನ ತಲೆ ಒಡೆದದ್ದನ್ನ ನಾನೇ ಖಂಡಿಸ್ಬೇಕಾ?"

"ಬಲವಂತ ಏನಿಲ್ಲ. ಸ್ವಂತ ಇಚ್ಛೆಯಿಂದ ಖಂಡಿಸ್ಲೇಬೇಕು ಅಂತ ನಿಯಮ, ಅಷ್ಟೆ."

ಟೈಲರ್ ಖಂಡಿಸಿದರು. ಪಟ್ಟಿಯ ಮೇಲೆ ಕೈ ಇಟ್ಟುಕೊಂಡು, ದನಿ ನಡುಗಿಸಿಕೊಂಡು ಖಂಡಿಸಿದರು. ಮೇಷ್ಟ್ರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. "ನೋವು ಶುದ್ಧವಾಗಿದೆ. ಸ್ವಂತದ್ದು ಅನ್ನೋದೇ ದೋಷ. ತನಗೆ ಪೆಟ್ಟು ಬಿತ್ತು ಅಂತ ಖಂಡಿಸೋದು ಸ್ವಾರ್ಥ" ಎಂದರು.

ಅಷ್ಟರಲ್ಲಿ ಪೊಲೀಸರು ಹೇಳಿಕೆಗೆ ಸಹಿ ಹಾಕಿಸಲು ಗಿರಾಕಿಯನ್ನು ಕರೆತಂದರು. ಮೈಕು ಕಂಡದ್ದೇ ಅವನು ಓಡಿ ಬಂದು ಅದನ್ನು ತಬ್ಬಿಕೊಂಡ. "ಎಂಥ ನೀಚ ಕೆಲಸ! ಮಾಡಿದವನ ಕೈಗೆ ಹುಳ ಬೀಳ! ಅವನನ್ನ ಹೆತ್ತವರು ಯಾರು, ಬೆಳೆಸಿದವರು ಯಾರು" ಎಂದು ಗೋಳೋ ಎಂದು ಅತ್ತ. ಎಂಜಲು ಹಾರಿ ಮೈಕು ಒದ್ದೆಯಾಯಿತು. ನನಗೆ ಕೋಪ ಬಂತು. ಮೇಷ್ಟ್ರು ಎದ್ದು ನಿಂತುಬಿಟ್ಟರು.

"ಇದು ಖಂಡನೆ. ಇವನಿಗೆ ವಿಷಯದ ಪ್ರತ್ಯಕ್ಷ ಅನುಭವ ಇದೆ."

ಖಂಡನೆ ಆ ಕ್ಷಣವೇ ಅಂಗೀಕಾರವಾಯಿತು. ನಿಯಮದ ಪ್ರಕಾರ, ಒಂದು ಮತದಲ್ಲಿ ಯಾರ ಖಂಡನೆ ಅಂಗೀಕಾರವಾಗಿದೆಯೋ ಅವರೇ ಕಚೇರಿಯ ಮಟ್ಟಿಗೆ ಆ ಮತದ ಗುರು. ಮದುವೆಗೆ ಅಡ್ಡಿ ನಿವಾರಣೆಯಾಯಿತೆಂದು ಮೇಡಂ ಟೈಲರಿಗೆ ಸಂತೋಷದಿಂದ ತಿಳಿಸಿದರು. ಟೈಲರ್ ಗಿರಾಕಿಯ ಕಡೆ ನೋಡಿ ತಲೆಯ ಪಟ್ಟಿ ಮುಟ್ಟಿಕೊಂಡರು. ಆಮೇಲೆ ಹಡಗಿನ ವಿಷಯ ನೆನಪಾಯಿತೇನೋ, ಎದ್ದು ಕೈ ಮುಗಿದರು.

ಭಾನುವಾರ ಮಂದಿರ ತುಂಬಿತ್ತು. ಮೈಕು ಒಯ್ಯಬೇಕಾದ್ದರಿಂದ ನಾನೂ ಹೋಗಿದ್ದೆ. ಮೇಡಂ, ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊಸ ಗುರು ಬಿಳಿ ನಿಲುವಂಗಿಯಲ್ಲಿ ವೇದಿಕೆ ಏರಿದಾಗ ವಧು ಮೆಲ್ಲಗೆ ಕೇಳಿದಳು.

"ಅಪ್ಪಾ, ಇವ್ರೇನಾ ಇಸ್ತ್ರಿ ಪೆಟ್ಟಿಗೆ ಎಸೆದೋರು?"

"ಹೂಂ ಕಣವ್ವಾ. ಈಗ ಗುರುಗಳು. ತಲೆ ಬಗ್ಗಿಸು."

ಹೊಸ ಗುರುವಿಗೆ ಪ್ರಾರ್ಥನೆಯ ಒಂದಕ್ಷರವೂ ಬರುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಹಳೆಯ ಗುರುಗಳು ಒಂದೊಂದೇ ಸಾಲು ಪಿಸುಗುಟ್ಟಿದರು, ಇವನು ಅದನ್ನು ಮೈಕಿನಲ್ಲಿ ಹೇಳಿದ. ಮದುವೆ ಚೆನ್ನಾಗಿಯೇ ಆಯಿತು. ಹುಡುಗ ಹುಡುಗಿ ಕೈ ಹಿಡಿದರು, ಜನ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಹಳೆಯ ಗುರುಗಳು ಅಳುತ್ತಿದ್ದರು. ದನಿಯಿಲ್ಲದೆ, ಯಾರಿಗೂ ತೋರಿಸದೆ, ಮುಖವೆಲ್ಲ ಒದ್ದೆ ಮಾಡಿಕೊಂಡು ಅಳುತ್ತಿದ್ದರು.

ಮೇಷ್ಟ್ರು ತಿರುಗಿ ನೋಡಿ ಬೆರಗಾದರು. "ನಾವು ಕೇಳಿದ್ದು ಇದನ್ನೇ ಅಲ್ವಾ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರು?"

ಮೇಡಂ ಕನ್ನಡಕ ಏರಿಸಿ ಪರಿಶೀಲಿಸಿದರು. "ಉತ್ತೀರ್ಣ ಮಾಡಬಹುದಿತ್ತು. ಇವತ್ತು ರಜೆ."

ಇದು ಕಿವಿಗೆ ಬಿದ್ದದ್ದೇ ಟೈಲರ್ ದಡಬಡಿಸಿ ಹಿಂದಕ್ಕೆ ಓಡಿದರು. ಕರವಸ್ತ್ರ ಎತ್ತಿದ್ದ ಗುರುಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಒರೆಸ್ಕೋಬೇಡಿ ಗುರುಗಳೇ. ನಾಳೆ ಬೆಳಿಗ್ಗೆ ಕಚೇರಿ ತೆಗೀತಾರೆ, ಅಲ್ಲೀವರೆಗೆ ಹೀಗೇ ಇರಿ. ಮುಂದಿನ ವಾರ ನನ್ನ ತಂಗಿ ಮಗೂಗೆ ಹೆಸರಿಡ್ಬೇಕು, ಅದಕ್ಕೆ ನೀವೇ ಬರ್ಬೇಕು."

ಗುರುಗಳು ಒಂದು ಗಳಿಗೆ ಯೋಚಿಸಿ, ಆಗಲಿ ಎಂದು ತಲೆಯಾಡಿಸಿದರು. ಕರವಸ್ತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಮುಖ ಅಲುಗದಂತೆ ಹುಷಾರಾಗಿ ಮನೆ ಕಡೆ ನಡೆದರು. ಬೀದಿಯ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.