ಜವಾರಿ ಸಕ್ಕರೆ, ಹೈಬ್ರಿಡ್ ಸಕ್ಕರೆ

ನನ್ನ ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆ ಎಂದು ಹಾವೇರಿಯ ಡಾಕ್ಟರು ಹೇಳಿದಾಗ ನಾನು ಸ್ವಲ್ಪವೂ ಎದೆಗುಂದಲಿಲ್ಲ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟು ಅರ್ಧ ಆಯುಷ್ಯ ಕಳೆದವನು ನಾನು. ಮೇಲಿನ ಚೀಟಿ ಓದದೆ ಒಂದು ಪೊಟ್ಟಣವನ್ನೂ ಮಾರಿದವನಲ್ಲ. ಪಥ್ಯ ನನಗೆ ಯಾವ ಮಹಾ ವಿದ್ಯೆ!

ಮಗಳು ಶೈಲಾ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ತಿಂದದ್ದನ್ನೆಲ್ಲ ಅದಕ್ಕೆ ಒಪ್ಪಿಸಬೇಕು.

"ಅಪ್ಪಾ, ಹಣ್ಣಿನಾಗ, ಹಾಲಿನಾಗ ತಾನಾಗೇ ಇರೋ ಸಕ್ರಿ ಬ್ಯಾರೆ. ನಾವು ಮ್ಯಾಲೆ ಹಾಕೋ ಸಕ್ರಿ ಬ್ಯಾರೆ. ಹಾಕಿದ್ದನ್ನ ಕಡಿಮಿ ಮಾಡು," ಎಂದಳು.

"ತಿಳೀತು ಬಿಡು," ಎಂದೆ. "ಒಂದು ಜವಾರಿ ತಳಿ, ಇನ್ನೊಂದು ಹೈಬ್ರಿಡ್ ತಳಿ."

ಅವಳು ಇನ್ನೂ ಏನೋ ಹೇಳುವುದರಲ್ಲಿದ್ದಳು. ಆದರೆ ಜವಾರಿ-ಹೈಬ್ರಿಡ್ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲವಾದ್ದರಿಂದ, ಕೈ ಎತ್ತಿ ತಡೆದೆ.

ಅಂದಿನಿಂದ ಮನೆಯ ಸಕ್ಕರೆ ಡಬ್ಬಿಗೆ ಬಹಿಷ್ಕಾರ. ಬೆಲ್ಲಕ್ಕೆ ಪಟ್ಟಾಭಿಷೇಕ! ಹೊಲದ ಕಬ್ಬು, ಕಬ್ಬಿನ ಹಾಲು, ಆ ಹಾಲಿನ ಬೆಲ್ಲ. ಇದಕ್ಕಿಂತ ಜವಾರಿ ಯಾವುದಿದೆ? ಬೆಲ್ಲದ ಚಹಾ, ಬೆಲ್ಲದ ಗೋದಿ ಹುಗ್ಗಿ, ಸಂಜೆ ಬಾಯಾಡಿಸಲು ಶೇಂಗಾದ ಜೊತೆ ಬೆಲ್ಲದ ಉಂಡೆ. ಎಲ್ಲವನ್ನೂ ಆ್ಯಪಿನಲ್ಲಿ 'ಹಣ್ಣು' ಎಂದು ತುಂಬಿದೆ. ಅದೂ ದಿನಾ ಹಸಿರು ಗುರುತು ತೋರಿಸಿ ಶಾಭಾಷ್ ಅನ್ನುತ್ತಿತ್ತು.

"ಇಷ್ಟು ಬೆಲ್ಲ ನಮ್ಮಪ್ಪನ ಮನಿ ಎತ್ತೂ ತಿಂದಿದ್ದಿಲ್ಲ ನೋಡ್ರಿ," ಎಂದಳು ಹೆಂಡತಿ ಗಿರಿಜಾ.

"ಇದು ನೈಸರ್ಗಿಕ ಐತಿ!"

"ಮತ್ತ ಅಂಗಿ ಗುಂಡಿ ಯಾಕ ಹತ್ತವಲ್ವು?"

"ಒಗದು ಒಗದು ಅಂಗಿ ಕುಗ್ಗೇತಿ," ಎಂದೆ.

ಇಂಥ ಶಿಸ್ತಿನ ದಿನಗಳಲ್ಲೇ ಶೈಲಾಳ ಸಂಬಂಧದ ಮಾತು ಬಂತು. ಹುಡುಗ ಮೋಟೆಬೆನ್ನೂರಿನವನು, ಬ್ಯಾಡಗಿಯಲ್ಲಿ ಇವಳು ಕಲಿಸುವ ಶಾಲೆಯಲ್ಲೇ ಮೇಷ್ಟ್ರು. ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು. ಹುಡುಗನ ತಂದೆಗೆ ಮಾತ್ರ ಅನುಮಾನ. ಪೇಟೆಯವರು ಕೊನೆ ಗಳಿಗೆಯಲ್ಲಿ ಕೈ ಕೊಡುತ್ತಾರೆ ಎಂದು ಯಾರೋ ಕಿವಿ ಊದಿದ್ದರಂತೆ. ಅವರು ನಮ್ಮ ಮನೆಗೆ ಬರುವ ದಿನ ಬೆಳಿಗ್ಗೆ ಶೈಲಾ ನನ್ನ ಕೈ ಹಿಡಿದು, "ಅಪ್ಪಾ, ಇವತ್ತೊಂದಿನ ಕಡಿಮಿ ಮಾತಾಡು," ಎಂದು ಬೇಡಿಕೊಂಡಳು.

ಕಡಿಮೆಯೇ ಮಾತಾಡಿದೆ. ಎಲ್ಲ ಸುಸೂತ್ರವಾಗಿ ಮುಗಿಯಿತು. ಸಂಬಂಧ ಗಟ್ಟಿಯಾದರೆ ಗಂಡಿನ ಕಡೆಯ ಹಿರಿಯರು ಹೆಣ್ಣಿನ ತಂದೆಯ ಬಾಯಿಗೆ ಸಕ್ಕರೆ ಹಾಕುವುದು ನಮ್ಮಲ್ಲಿಯ ಪದ್ಧತಿ. ಅದೇ ಸಹಿ, ಅದೇ ಮುದ್ರೆ. ಹುಡುಗನ ಅಜ್ಜಿ ತಟ್ಟೆಯಿಂದ ಮುಷ್ಟಿ ತುಂಬ ಸಕ್ಕರೆ ಎತ್ತಿ ನನ್ನ ಬಾಯಿಯ ಹತ್ತಿರ ತಂದಳು.

ನಾನು ಅಂಗೈ ಅಡ್ಡ ಹಿಡಿದೆ. "ಬ್ಯಾಡ ಬೇ ಯವ್ವಾ. ನಾ ಇದನ್ನ ಒಲ್ಲೆ."

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಶೈಲಾಳ ಮುಖ ಬಿಳಿಚಿಕೊಂಡಿತು.

ಹುಡುಗನ ತಂದೆ ಎದ್ದು ನಿಂತರು. "ಸಂಬಂಧ ಬ್ಯಾಡಾಗಿದ್ರ ಬ್ಯಾಡ ಅನ್ರಿ. ಸಕ್ರಿ ಮ್ಯಾಲ ಯಾಕ ಹಾಕ್ತೀರಿ?"

"ಅಯ್ಯ, ಸಂಬಂಧ ಬೇಕ್ರಿ! ಸಕ್ರಿ ಬ್ಯಾಡ್ರಿ! ಇದು ಹಾಕೋ ಸಕ್ರಿ. ಬಾಳೆಹಣ್ಣಾದ್ರ ನಡೀತೈತಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ! ಹಣ್ಣಿನ ಸಕ್ಕರೆಗೂ ಡಬ್ಬಿಯ ಸಕ್ಕರೆಗೂ ಇರುವ ಭೇದದ ಕುರಿತು ಕಿರು ಉಪನ್ಯಾಸ ಕೊಟ್ಟೆ. ಉಪನ್ಯಾಸ ಮುಗಿಯುವಷ್ಟರಲ್ಲಿ ಅವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಗಳ ಮದುವೆ ನನ್ನ ಎರಡು ತುಟಿಗಳ ನಡುವೆ ಸಿಕ್ಕಿಕೊಂಡಿತ್ತು.

"ಗಿರಿಜಾ, ಲಗೂನ ಬೆಲ್ಲ ತಾ!" ಎಂದು ಕೂಗಿದೆ. "ಬೆಲ್ಲ ಹಾಕಿಸ್ಕೋತೇನಿ. ಅದು ಜವಾರಿ!"

"ಬೆಲ್ಲಾನೂ ಹಾಕೋ ಸಕ್ರೀನ ಅಪ್ಪಾ!" ಶೈಲಾ ಅಳುತ್ತಲೇ ಚೀರಿದಳು. "ಅವತ್ತ ಅದನ್ನ ಹೇಳಾಕ ಬಂದಿದ್ದೆ. ನೀ ಎಲ್ಲಿ ಕೇಳಿದಿ? ಎರಡೂ ಒಂದ!"

ಅಷ್ಟು ದಿನ ತಿಂದ ಬೆಲ್ಲವೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತಿತು. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅಜ್ಜಿ ಅದನ್ನೇ ಕಾಯುತ್ತಿದ್ದಳು. ಇಡೀ ಮುಷ್ಟಿ ಒಳಗೆ!

"ನುಂಗ್ಯಾನ!" ಎಂದು ಅಜ್ಜಿ ಸಾರಿದಳು. "ಮುಗೀತು. ಇನ್ನ ಯಾರೂ ಏನೂ ಅನ್ನಂಗಿಲ್ಲ. ಎಲ್ಲಾರೂ ಕುಂದ್ರಿ."

ಬೀಗರು ಚಪ್ಪಲಿ ಬಿಟ್ಟು ಬಂದು ಕುಳಿತರು. ಶೈಲಾ ಅಳುತ್ತಳುತ್ತಲೇ ನಕ್ಕಳು. ನನ್ನ ಕಣ್ಣಲ್ಲೂ ನೀರು ಬಂತು. ಅರ್ಧ ಸಂತೋಷಕ್ಕೆ, ಇನ್ನರ್ಧ ಗಂಟಲಿಗೆ ಸಿಕ್ಕ ಸಕ್ಕರೆಗೆ.

ಮದುವೆಯಾಯಿತು. ಮಗಳು ಸುಖವಾಗಿದ್ದಾಳೆ. ಆದರೆ ನನ್ನ ಪಥ್ಯದ ಕೀರ್ತಿ ಮೋಟೆಬೆನ್ನೂರಿನ ತುಂಬ ಹಬ್ಬಿದೆ. ಅಲ್ಲಿಗೆ ಹೋದಾಗಲೆಲ್ಲ ಬೀಗರು ಎಲ್ಲರ ಎಲೆಗೆ ಹೋಳಿಗೆ, ಮೇಲೆ ತುಪ್ಪ ಬಡಿಸುತ್ತಾರೆ. ನನ್ನ ಎಲೆಗೆ ಮಾತ್ರ ಹೆಚ್ಚಿದ ಸವತೆಕಾಯಿ!

"ನಿಮ್ಮ ನೇಮ ನಮಗ ಗೊತ್ತೈತ್ರಿ ಬೀಗರ," ಎಂದು ಭಕ್ತಿಯಿಂದ ಕೈ ಮುಗಿಯುತ್ತಾರೆ.

ಒಂದು ಹೋಳಿಗೆ ಹಾಕಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬರುತ್ತದೆ. ಆದರೆ ಆ ಮನೆಯವರ ಮುಂದೆ ಅದು ಬೇಕು, ಇದು ಬೇಡ ಎಂದು ಬಾಯಿ ಬಿಡುವ ಧೈರ್ಯ ನನಗಿನ್ನೂ ಬಂದಿಲ್ಲ. ಮರುಮಾತಾಡದೆ ಸವತೆಕಾಯಿ ತಿನ್ನುತ್ತೇನೆ.