ಹುಳದ ಮನೆಯಲ್ಲಿ ಮೂವತ್ತಮೂರು ಅಡಿ

ಆ ಮಧ್ಯಾಹ್ನ ಹುಳದ ಮನೆಯಲ್ಲಿ ನಾನು ಟೇಪು ಹಿಡಿದು ಅಳೆದೆನೋ ಇಲ್ಲವೋ ನನಗೆ ಖಚಿತವಾಗಿ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಹೇಳುವುದನ್ನೆಲ್ಲ ನೀವು ನಂಬಿಬಿಡುವ ಅಪಾಯವಿದೆ. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಅಳೆಯದೆ ನಂಬಬೇಡಿ, ಅಳೆದ ಮೇಲೂ ಒಂದು ಸಲ ಅನುಮಾನಿಸಿ ಎಂದು ಹುಡುಗರ ತಲೆ ತಿನ್ನುತ್ತ ಅರ್ಧ ಆಯುಸ್ಸು ಕಳೆದವನು. ಹಾಲಿನವನ ಅಳತೆ ಪಾತ್ರೆ, ಗೋಡೆಯ ಗಡಿಯಾರ, ಜ್ವರ ನೋಡುವ ಕಡ್ಡಿ, ಯಾವುದೂ ನನ್ನ ಅನುಮಾನದಿಂದ ತಪ್ಪಿಸಿಕೊಂಡಿಲ್ಲ. ನಮ್ಮ ಮದುವೆಯ ದಿನ ಛತ್ರದ ಗಡಿಯಾರ ಎರಡು ನಿಮಿಷ ಮುಂದಿದೆ ಎಂದು ಪುರೋಹಿತರ ಜೊತೆ ವಾದಕ್ಕಿಳಿದಿದ್ದೆನಂತೆ. ಹೆಂಡತಿ ಸರೋಜ ಈಗಲೂ ಹೇಳುತ್ತಾಳೆ. ನನಗೆ ಆ ನೆನಪಿಲ್ಲ. ನೆನಪಿಲ್ಲದ್ದನ್ನು ಒಪ್ಪುವುದಿಲ್ಲ ಎಂಬುದು ಇಷ್ಟು ದಿನ ನನ್ನ ನಿಲುವಾಗಿತ್ತು. ಈಗ ನೆನಪಿರುವುದನ್ನೂ ಒಪ್ಪಲಾಗದ ಸ್ಥಿತಿಗೆ ಬಂದಿದ್ದೇನೆ.

ಸರೋಜಳ ತಮ್ಮ ನಾಗರಾಜನ ಊರು ಮಂಡಿಕಲ್ ಹತ್ತಿರ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಾಣಿಕೆ. ಅದನ್ನು ಅವನ ಹೆಂಡತಿಯೂ ತಾಯಿಯೂ, ಅಂದರೆ ನನ್ನ ಅತ್ತೆಯವರೂ, ನೋಡಿಕೊಳ್ಳುತ್ತಾರೆ. ಅವನು ನಂದಿ ಬೆಟ್ಟದ ಕಡೆ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಉಸ್ತುವಾರಿ. "ಕುರಿ ಮೇಯಕ್ಕೆ ಹುಲ್ಲು ಬೆಳೆಯೋರನ್ನ ಕಂಡಿದ್ದೆ, ಚೆಂಡು ಉರುಳಕ್ಕೆ ಬೆಳೆಯೋನು ನನ್ನ ಹೊಟ್ಟೇಲೇ ಹುಟ್ಟಬೇಕಾ ದೇವುಡಾ" ಎಂದು ಅತ್ತೆಯವರು ಬಂದವರಿಗೆಲ್ಲ ಹೇಳುತ್ತಾರೆ. ಅವನ ಮಗಳು ಚೈತ್ರ ಭಾನುವಾರಗಳಲ್ಲಿ ಅಪ್ಪನ ಜೊತೆ ಮೈದಾನಕ್ಕೆ ಹೋಗಿ, ಯಾರೋ ಕೊಟ್ಟ ಹಳೆಯ ಕೋಲಿನಲ್ಲಿ ಚೆಂಡು ಹೊಡೆಯಲು ಕಲಿತು, ಈಗ ದ್ವಿತೀಯ ಪಿಯುಸಿಗೆ ಬರುವ ಹೊತ್ತಿಗೆ ಅಲ್ಲಿನ ಸದಸ್ಯರೇ ಆಟ ನಿಲ್ಲಿಸಿ ನೋಡುವಂತೆ ಹೊಡೆಯುತ್ತಾಳೆ. ಬೆಂಗಳೂರಿನ ತರಬೇತಿ ಕೇಂದ್ರವೊಂದು ಹುಡುಗಿಯರಿಗೆ ಎರಡು ವರ್ಷ ಉಚಿತವಾಗಿ ಕಲಿಸುತ್ತೇವೆ ಎಂದು ಪ್ರಕಟಿಸಿತ್ತು. ಆಯ್ಕೆಗೆ ಕರೆಯಬೇಕಾದರೆ, ಕೋಲಿನಿಂದ ಹೊರಟ ಚೆಂಡಿನ ವೇಗ ಗಂಟೆಗೆ ನೂರಮೂವತ್ತು ಮೈಲಿಗೆ ಕಡಿಮೆಯಿರಬಾರದು. ವೇಗ ಬರೆದ ಫಾರಂ ಮೇಲೆ ತಂದೆತಾಯಿಯಲ್ಲದ ಒಬ್ಬ ಸಾಕ್ಷಿಯ ಸಹಿ ಬೇಕು. ಫಾರಂನ ಫೋಟೋ ತೆಗೆದು ಕಳಿಸಲು ಕೊನೆಯ ದಿನ ಸಂಜೆ ಐದಕ್ಕೆ ಗಡುವು. ಆ ಕೊನೆಯ ದಿನವೇ ಸಾಕ್ಷಿಯಾಗಿ ನಾನು ಹೋದದ್ದು. ಇಷ್ಟು ನಿಜ; ಬಸ್ಸಿನ ಚೀಟಿ ಇನ್ನೂ ಜೇಬಿನಲ್ಲಿದೆ.

ಮನೆಯಲ್ಲೇ ಬಲೆ ಕಟ್ಟಿಕೊಂಡು ಆಡುವವರಿಗಾಗಿ ಚೆಂಡಿನ ವೇಗ ಹೇಳುವ ಯಂತ್ರಗಳು ಬಂದಿವೆ. ನಾಗರಾಜ ಮೈದಾನದ ಇಬ್ಬರು ಸದಸ್ಯರನ್ನು ಕೇಳಿ ಒಂದು ದಿನದ ಮಟ್ಟಿಗೆ ಎರಡು ತಂದಿದ್ದ. ಒಂದು ಟಿಫನ್ ಡಬ್ಬಿಯಷ್ಟಿದ್ದು, ಹೊಡೆಯುವವರ ಹಿಂದೆ ಕೂರುತ್ತದೆ. ರಸ್ತೆಯಲ್ಲಿ ಪೊಲೀಸರು ವಾಹನಗಳಿಗೆ ಹಿಡಿಯುವ ರೇಡಾರಿನ ಜಾತಿ. ಇನ್ನೊಂದು ಚೆಂಡಿನ ಪಕ್ಕದಲ್ಲಿ ಕೂತು, ಅದು ಹೊರಡುವ ಕ್ಷಣದಲ್ಲಿ ಪಟಪಟನೆ ಫೋಟೋ ತೆಗೆದು ಲೆಕ್ಕ ಹಾಕುತ್ತದೆ. ಚೆಂಡು ಹೊಡೆಯಲು ಊರಿನಲ್ಲಿ ಅಷ್ಟು ಉದ್ದ, ಅಷ್ಟು ಎತ್ತರದ ಜಾಗವೆಂದರೆ ರೇಷ್ಮೆ ಹುಳು ಸಾಕುವ ಹುಳದ ಮನೆ ಒಂದೇ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಅದು ಕೆಲವು ದಿನ ಖಾಲಿ. ತಟ್ಟೆಗಳನ್ನಿಡುವ ಕಬ್ಬಿಣದ ಸ್ಟ್ಯಾಂಡುಗಳನ್ನು ಗೋಡೆಗೆ ಸರಿಸಿ, ಕೊನೆಯಲ್ಲಿ ಹಳೆಯ ರಜಾಯಿಗಳನ್ನು ತೂಗುಹಾಕಿದ್ದರು. ತೊಂದರೆಯೆಂದರೆ, ಅದೇ ದಿನ ನಾಲ್ಕೂವರೆಗೆ, ಮೊಟ್ಟೆಯೊಡೆಸಿ ಮರಿ ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ಮರಿಹುಳುಗಳು ಬರುವುದಿದ್ದವು. ಬಂದ ಮೇಲೆ ಬೆಳೆ ಮುಗಿಯುವವರೆಗೆ ಹೊರಗಿನವರ ಕಾಲು ಒಳಗೆ ಬೀಳುವ ಹಾಗಿಲ್ಲ. ಆ ವಿಷಯದಲ್ಲಿ ಅತ್ತೆಯವರ ಮುಂದೆ ಯಾವ ಶಿಫಾರಸೂ ನಡೆಯುವುದಿಲ್ಲ. ಅವತ್ತು ನನ್ನನ್ನೂ ಬಾಗಿಲಲ್ಲಿ ಸುಣ್ಣದ ನೀರಿನಲ್ಲಿ ಕಾಲದ್ದಿಸಿಯೇ ಒಳಗೆ ಬಿಟ್ಟರು. "ನಾಲ್ಕು ಗಂಟೆಗೆ ಎಲ್ಲ ಖಾಲಿ ಮಾಡ್ಬೇಕು ಮೇಷ್ಟ್ರೇ, ನಾನು ಇನ್ನೊಂದ್ಸಲ ಔಷಧಿ ಹೊಡೀಬೇಕು."

ಚೈತ್ರ ಹೊಡೆದಳು. ಮುಚ್ಚಿದ ಕೋಣೆಯಲ್ಲಿ ಅದರ ಸದ್ದು ಬಾಗಿಲು ಮುರಿದ ಹಾಗಿತ್ತು. ಹಿಂದಿನ ಯಂತ್ರ ನೂರಿಪ್ಪತ್ತೇಳು ಎಂದಿತು. ಪಕ್ಕದ ಯಂತ್ರ ನೂರಮೂವತ್ತಮೂರು ಎಂದಿತು. ಒಂದೇ ಚೆಂಡು, ಒಂದೇ ಏಟು! ಮತ್ತೆ ಹೊಡೆದಳು. ಹತ್ತು ಸಲ ಹೊಡೆದರೂ ಎರಡರ ನಡುವಿನ ಜಗಳ ಹಾಗೇ ಉಳಿಯಿತು. ಒಂದರ ಪ್ರಕಾರ ಹುಡುಗಿ ಬೆಂಗಳೂರಿಗೆ, ಇನ್ನೊಂದರ ಪ್ರಕಾರ ಸೊಪ್ಪು ಕೊಯ್ಯಲಿಕ್ಕೆ.

"ಪಕ್ಕದ್ದನ್ನೇ ಬರ್ದು ಕಳ್ಸಣ ಭಾವ, ಅದೇ ದುಬಾರಿ ಮಿಷಿನ್ನು" ಎಂದ ನಾಗರಾಜ.

"ಬೇಡಪ್ಪ" ಎಂದಳು ಚೈತ್ರ. "ಅಲ್ಲಿ ಅವರದ್ದೇ ದೊಡ್ಡ ಮಿಷಿನ್ ಇರತ್ತೆ. ನಾನು ಹೊಡ್ದಾಗ ನೂರಿಪ್ಪತ್ತೇಳು ಬಂದ್ರೆ ಸುಳ್ಳು ಬರ್ಕೊಂಡು ಬಂದೋಳು ಅಂತಾರೆ. ಆಮೇಲೆ ಯಾವತ್ತೂ ಕರೆಯಲ್ಲ. ಮಾವ, ನಿಜ ಯಾವ್ದು ಹೇಳಿ. ನೂರಿಪ್ಪತ್ತೇಳೇ ನಿಜ ಅಂದ್ರೆ ಕಳ್ಸೋದೇ ಬೇಡ."

ಬಾಗಿಲಲ್ಲಿ ಕೂತಿದ್ದ ಅತ್ತೆಯವರು, "ಎರಡೂ ಕೂಡ್ಸಿ ಅರ್ಧ ಮಾಡ್ರಪ್ಪ, ಜಗಳ ಯಾಕೆ" ಎಂದರು. ಕೂಡಿಸಿ ಅರ್ಧ ಮಾಡಿದರೆ ಸರಿಯಾಗಿ ನೂರಮೂವತ್ತು! ನಾಗರಾಜನ ಮುಖ ಅರಳಿತು. ನಾನು ಸುಮ್ಮನಿರಬಹುದಿತ್ತು. ಆದರೆ ಪಾಠ ಮಾಡುವ ಚಟ ಬಿಡಬೇಕಲ್ಲ. "ಅತ್ತೆ, ಬಸ್ಸು ಎಂಟಕ್ಕೆ ಅಂತ ಒಬ್ಬ, ಹತ್ತಕ್ಕೆ ಅಂತ ಒಬ್ಬ ಹೇಳಿದರೆ ಒಂಬತ್ತಕ್ಕೆ ಹೋಗಿ ನಿಂತರೆ ಬಸ್ಸು ಸಿಗುತ್ತದೆಯೇ?" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಹತ್ತರ ಬಸ್ಸು ಸಿಗ್ತದಲ್ಲ ಮೇಷ್ಟ್ರೇ" ಎಂದರು. ನನ್ನ ವೃತ್ತಿಜೀವನದಲ್ಲಿ ಇಷ್ಟು ಚೊಕ್ಕವಾಗಿ ನನ್ನ ಬಾಯಿ ಮುಚ್ಚಿಸಿದ ವಿದ್ಯಾರ್ಥಿ ಇನ್ನೂ ಸಿಕ್ಕಿಲ್ಲ.

ಆಗ ಮೂರೂಕಾಲು. ಇಬ್ಬರು ಸಾಕ್ಷಿಗಳು ಕಚ್ಚಾಡಿದರೆ ಇಬ್ಬರನ್ನೂ ನಂಬದೆ ಮೂರನೆಯವನನ್ನು ಕರೆಯಬೇಕು. ಮೂರನೆಯ ಸಾಕ್ಷಿ ನನ್ನ ಜೇಬಿನಲ್ಲೇ ಇತ್ತು. ಚೆಂಡು ಮತ್ತು ರಜಾಯಿಯ ಸರಿ ಮಧ್ಯದಲ್ಲಿ ಫೋನನ್ನು ನೆಲದ ಮೇಲಿಟ್ಟು ಧ್ವನಿಮುದ್ರಣ ಒತ್ತಿದೆ. ಕೋಲು ಚೆಂಡಿಗೆ ಬಡಿದ ಸದ್ದು ಒಂದು, ಚೆಂಡು ರಜಾಯಿಗೆ ಬಡಿದ ಸದ್ದು ಇನ್ನೊಂದು. ನಡುವಿನ ಸಮಯವನ್ನು ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಎಂಟನೇ ತರಗತಿಯ ಪಾಠ. ಗಾಳಿಯ ತಡೆಗೂ ಚೆಂಡು ಓರೆಯಾಗಿ ಏರುವುದಕ್ಕೂ ಒಂದಿಷ್ಟು ತಿದ್ದುಪಡಿ ಹಾಕಿದೆ. ಉಳಿದದ್ದು ದೂರ. ಇಷ್ಟು ಸಣ್ಣ ಜಾಗದಲ್ಲಿ ದೂರವೇ ಎಲ್ಲ: ಮೂವತ್ತಮೂರು ಅಡಿಯಾದರೆ ವೇಗ ನೂರಮೂವತ್ತೊಂದು, ಮೂವತ್ತೆರಡಾದರೆ ನೂರಿಪ್ಪತ್ತೇಳು. ಹುಡುಗಿಯ ಎರಡು ವರ್ಷ ಒಂದು ಅಡಿಯ ಮೇಲೆ ನಿಂತಿತ್ತು.

ಇಲ್ಲಿಂದ ಮುಂದಿನದು ನನಗೆ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಮನೆಯ ಹಳದಿ ಟೇಪನ್ನು ಚೀಲದಿಂದ ತೆಗೆದೆ. ತುದಿಯನ್ನು ನಾಗರಾಜ ಹಿಡಿದ. ನಾನು ರಜಾಯಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕನ್ನಡಕ ಏರಿಸಿ ಓದಿದೆ: ಮೂವತ್ತಮೂರು. ಟೇಪು ಸರ್ರೆಂದು ಒಳಗೆ ಸೇರಿಕೊಂಡ ಸದ್ದು ಕೂಡ ಕಿವಿಯಲ್ಲಿದೆ. ಅಷ್ಟರಲ್ಲಿ ಚಾಕಿ ಗಾಡಿ ಅರ್ಧ ಗಂಟೆ ಮೊದಲೇ ಬಂದು ಹಾರ್ನ್ ಹೊಡೆಯಿತು. ಅತ್ತೆಯವರು "ಎದ್ದೇಳ್ರೀ, ಎದ್ದೇಳ್ರೀ" ಎಂದು ಪೊರಕೆ ಹಿಡಿದು ಬಂದರು. ಚೈತ್ರ ಫಾರಂ ಮುಂದೆ ಹಿಡಿದಳು. ನೂರಮೂವತ್ತೊಂದು ಎಂದು ಬರೆದು, ಕೆಳಗೆ 'ಟೇಪಿನಿಂದ ಅಳೆದು ಖಚಿತಪಡಿಸಿಕೊಂಡಿದ್ದೇನೆ' ಎಂದು ಸೇರಿಸಿ, ಪದವಿಗಳ ಸಮೇತ ಸಹಿ ಹಾಕಿದೆ. ಯಾರೂ ಕೇಳದ ಆ ಒಂದು ವಾಕ್ಯವನ್ನು ಯಾಕೆ ಸೇರಿಸಿದೆನೋ!

ಮೂರನೆಯ ದಿನ ಚಿಂತಾಮಣಿಯ ಮನೆಯಲ್ಲಿ ಕಿಟಕಿ ಪರದೆಗೆ ಅಳತೆ ಬೇಕಾಗಿ ಟೇಪು ಹುಡುಕಿದೆ. ಇರಲಿಲ್ಲ. ಹುಳದ ಮನೆಯಲ್ಲೇ ಬಿಟ್ಟು ಬಂದೆನೇನೋ ಎಂದು ಗೊಣಗಿದೆ. "ಯಾವ ಟೇಪು? ಹಳದೀದಾ?" ಎಂದಳು ಸರೋಜ. "ಅದು ಗೌರಿಬಿದನೂರಲ್ಲಿ ಚಿಕ್ಕಪ್ಪನ ಮನೇಲಿದೆಯಲ್ರೀ. ಹಬ್ಬಕ್ಕೆ ಹೋದಾಗ ಬೀರು ಹಿಡಿಯುತ್ತಾ ಇಲ್ವಾ ಅಂತ ಅಳೆದು ಅಲ್ಲೇ ಮರೆತು ಬಂದಿರಿ. ಎರಡು ತಿಂಗಳಾಯ್ತು." ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಎದ್ದು ಹೋಗಿ ನೋಡಿ, "ಇಲ್ಲೇ ಇದೆ ಕಣಪ್ಪ, ಧೂಳು ಹಿಡಿದಿದೆ" ಎಂದರು. ಹಾಗಾದರೆ ನಾನು ಓದಿದ ಮೂವತ್ತಮೂರು ಯಾವುದರ ಮೇಲಿನದು?

ನಾಗರಾಜನನ್ನು ಕೇಳಿದೆ. "ನೀವು ಹೆಜ್ಜೆ ಹಾಕ್ದಂಗಿತ್ತು ಭಾವ. ನಾನು ಮಿಷಿನ್ ಪ್ಯಾಕ್ ಮಾಡ್ತಿದ್ನಲ್ಲ, ಸರ್ಯಾಗಿ ನೋಡ್ಲಿಲ್ಲ." ಅತ್ತೆಯವರು, "ನೀವು ಏನೂ ಅಳೀಲಿಲ್ಲ, ಸುಮ್ನೆ ಗೋಡೆ ನೋಡ್ತಾ ನಿಂತಿದ್ರಿ" ಎಂದರು. ಚೈತ್ರಳನ್ನು ಕೇಳಲು ಎರಡು ದಿನ ಧೈರ್ಯ ಬರಲಿಲ್ಲ. ಕೊನೆಗೆ ಕೇಳಿದಾಗ ಅವಳು ಸಹಜವಾಗಿ ಹೇಳಿದಳು: "ಎಷ್ಟಿದೆಯಮ್ಮ ಅಂತ ನೀವೇ ನನ್ನ ಕೇಳಿದ್ರಿ ಮಾವ. ಮೂವತ್ಮೂರು ಅಂದೆ. ನೀವು ಬರ್ಕೊಂಡ್ರಿ."

ಅಂದರೆ ಯಾರಿಗೆ ಲಾಭವೋ ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರೆದು, ಖಚಿತಪಡಿಸಿಕೊಂಡಿದ್ದೇನೆ ಎಂದು ಸಹಿ ಹಾಕಿದ ಸ್ವತಂತ್ರ ಸಾಕ್ಷಿ ನಾನು! ಇಲ್ಲದ ಟೇಪನ್ನು ನನ್ನ ಮಿದುಳು ಆಮೇಲೆ ನಿಧಾನವಾಗಿ ತಯಾರಿಸಿ, ಅದಕ್ಕೆ ಹಳದಿ ಬಣ್ಣ ಬಳಿದು, ಸರ್ರೆನ್ನುವ ಸದ್ದನ್ನೂ ಹಾಕಿಕೊಟ್ಟಿತ್ತು. ಅಷ್ಟರಲ್ಲಿ ಆಯ್ಕೆಗೆ ಬರಬೇಕೆಂದು ಅವಳಿಗೆ ಕರೆಯೂ ಬಂತು. ಮನೆಯವರೆಲ್ಲ ಸಂಭ್ರಮಿಸಿದರೆ ನಾನು ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತ ಕೂತೆ. ಹುಡುಗಿ ಸುಳ್ಳು ಹೇಳಿರಲಾರಳು. ಆದರೆ ಹದಿನೇಳು ವರ್ಷದ ಆಸೆ ಮೂವತ್ತೆರಡೂವರೆಯನ್ನು ಮೂವತ್ತಮೂರು ಮಾಡದೇ ಇರುತ್ತದೆಯೇ? ನಾನಾಗಿದ್ದರೆ ಮಾಡುತ್ತಿದ್ದೆ. ತಪ್ಪೆಂದು ಗೊತ್ತಾದರೆ ಅವಳು ಹೋಗುವ ಮೊದಲೇ ನಾನೇ ಬರೆದು ಸಹಿ ಹಿಂದಕ್ಕೆ ತೆಗೆದುಕೊಳ್ಳಬೇಕು.

ಹೊಸ ಟೇಪು ಕೊಂಡು ಮಂಡಿಕಲ್ ಬಸ್ಸು ಹತ್ತಿದೆ. ಅತ್ತೆಯವರು ಹುಳದ ಮನೆಯ ಹೊಸಿಲಿಗೆ ಅಡ್ಡ ನಿಂತರು. "ಹುಳ ಮೂರನೇ ಜ್ವರದಲ್ಲವೆ. ಈಗ ಅಳಿಯ ಅಲ್ಲ, ದೇವ್ರು ಬಂದ್ರೂ ಒಳಗೆ ಬಿಡಲ್ಲ." ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು ಮಲಗುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಊಟ ಸೇರದೆ ಹೊರಳಾಡುತ್ತಿದ್ದ ನನಗೂ ಅದೇ ಆಗಿತ್ತು. ಆದರೆ ನನ್ನ ಜ್ವರಕ್ಕೆ ಯಾರೂ ಬಾಗಿಲು ಕಾಯಲಿಲ್ಲ. "ಅಲ್ಲಾ ಮೇಷ್ಟ್ರೇ, ಆವತ್ತು ಅಷ್ಟೊತ್ತು ಒಳಗಿದ್ರಲ್ಲ, ಆವಾಗ ಅಳ್ಕೊಳ್ಳಕ್ಕೆ ಏನಾಗಿತ್ತು?" ಎಂದರು. ಟೇಪನ್ನು ಚೀಲಕ್ಕೆ ಹಾಕಿಕೊಂಡು, ಅವರು ಕೊಟ್ಟ ಕಾಫಿ ಕುಡಿದು ಹಿಂದಿರುಗಿದೆ.

ಬೆಳೆ ಮುಗಿದು ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದದ್ದು, ಚೈತ್ರ ಬೆಂಗಳೂರಿಗೆ ಹೊರಡುವ ಹಿಂದಿನ ದಿನ. ಬೆಳಿಗ್ಗೆ ಹತ್ತಕ್ಕೆ ನಾನು ಹುಳದ ಮನೆಯ ಮುಂದಿದ್ದೆ. ಚೆಂಡು ಇಡುತ್ತಿದ್ದ ಜಾಗದಲ್ಲಿ ಬಿಳಿ ಬಣ್ಣದ ಗುರುತು, ರಜಾಯಿ ಕಟ್ಟಿದ ಕೊಕ್ಕೆಗಳು, ಎರಡೂ ಇದ್ದ ಹಾಗೇ ಇದ್ದವು. ಟೇಪಿನ ತುದಿಯನ್ನು ಚೈತ್ರ ಹಿಡಿದಳು. ಈ ಸಲ ನಾನು ನನ್ನನ್ನು ನಂಬದೆ ಸರೋಜಳಿಂದ ಓದಿಸಿದೆ, ಆಮೇಲೆ ನಾಗರಾಜನಿಂದ, ಕೊನೆಗೆ ಫೋಟೋ ತೆಗೆದುಕೊಂಡೆ.

"ನೀನು ಬರೀ ಮೂವತ್ತಮೂರು ಅಂದಿದ್ದೆಯಲ್ಲಮ್ಮ" ಎಂದೆ.

"ರಜಾಯಿ ಕಟ್ಟುವಾಗಲೇ ನಾನು ಅಳ್ದಿಟ್ಟಿದ್ದೆ ಮಾವ. ಮೇಲಿನ ಇಂಚೂ ಹೇಳಿದ್ರೆ ನೀವು ಅನುಮಾನ ಪಡ್ತೀರ ಅಂತ ಬಿಟ್ಬಿಟ್ಟೆ" ಎಂದಳು, ಟೇಪು ಸುತ್ತುತ್ತ.

ದೂರ ಮೂವತ್ತಮೂರು ಅಡಿ ಎರಡು ಇಂಚು.