ಡ್ರೈವರನ ಹೆಸರು ಹೇಳದ ಇಂಜಿನ್ನು

ಹಿತ್ತಲಲ್ಲಿ ನಿಂತಿದ್ದ ಪುಟಾಣಿ ರೈಲು ಇಂಜಿನ್ನಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ನಮ್ಮ ಮನೆಯವರು ಎದೆಯುಬ್ಬಿಸಿ ನಿಂತರು. "ಇನ್ನ ನೋಡ್ರಿ, ಇದು ಮಾತಾಡತೈತಿ" ಎಂದರು. ನಾನು ಮನಸ್ಸಿನಲ್ಲೇ ಸಿದ್ಧಾರೂಢರಿಗೆ ಕೈಮುಗಿದೆ. ಯಾಕೆಂದರೆ ಇವರು "ಇನ್ನ ನೋಡ್ರಿ" ಎಂದಾಗಲೆಲ್ಲ ನಾವು ನೋಡಬಾರದ್ದನ್ನೇ ನೋಡಿದ್ದೇವೆ. ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದರು, ಅದು ರೊಟ್ಟಿ ಬಿಟ್ಟು ಒಲೆಯನ್ನು ಬಡಿಯಿತು. ಅದಕ್ಕೂ ಮೊದಲು ತಾನಾಗಿಯೇ ನೀರೇರಿಸುವ ಪಂಪು ಮಾಡಿದರು, ಅದು ನಮ್ಮ ಬಾವಿಯ ನೀರನ್ನೆಲ್ಲ ಪಕ್ಕದ ಮನೆಯ ಮುಮ್ತಾಜಕ್ಕನ ಟಾಕಿಗೆ ತುಂಬಿಸಿತು. ಆಕೆ ಇವತ್ತಿಗೂ ಇವರನ್ನು ಮಹಾ ವಿಜ್ಞಾನಿ ಎಂದೇ ನಂಬಿದ್ದಾಳೆ.

ಇವರು ಹುಬ್ಬಳ್ಳಿಯ ರೈಲು ಕಾರ್ಖಾನೆಯಲ್ಲಿ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಹೆಸರು ಮಾತ್ರ ನನ್ನನ್ನು ಕೇಳಬೇಡಿ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಹಿರಿಯ ಹೆಂಗಸರು ಹಿಡಿದು ಕೂರಿಸಿ ಒತ್ತಾಯ ಮಾಡಿದಾಗ ಮಾತ್ರ ಎರಡು ಸಾಲಿನ ಒಡಪು ಕಟ್ಟಿ, ಅದರ ನಡುವೆ ಹೆಸರನ್ನು ತೂರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಬೇಕು. ನಾನು ಕಡೆಯ ಸಲ ಹಾಗೆ ಓಡಿದ್ದು ಸೀಮಂತದಲ್ಲಿ. ಆಮೇಲೆ "ರೀ", "ಏನ್ರೀ", "ಎಲ್ಲಿ ಹಾಳಾಗಿ ಹೋದ್ರಿ" ಇವುಗಳಲ್ಲೇ ಸಂಸಾರ ಸಾಗಿದೆ.

ಈ ಇಂಜಿನ್ನು ನಮ್ಮ ಹಿತ್ತಲಿಗೆ ಬಂದದ್ದು ನನ್ನ ತಂಗಿಯ ಮಗಳು ಮಂದಾಕಿನಿಯ ದೆಸೆಯಿಂದ. ಅವಳು ನಮ್ಮೂರಿನ ಟಿವಿ ಚಾನೆಲ್ಲಿನಲ್ಲಿ ಭಾನುವಾರ ಮಕ್ಕಳ ಕಾರ್ಯಕ್ರಮ ಮಾಡುತ್ತಾಳೆ. ಊಟ ನಿದ್ದೆ ಬಿಟ್ಟು ಮಾಡುತ್ತಾಳೆ, ಆದರೆ ನೋಡುವವರು ಕಡಿಮೆಯಾಗಿದ್ದರು. ಚಾನೆಲ್ಲಿನ ಮಾಲೀಕ ಉಳವಪ್ಪನವರು ಮೂಲತಃ ಸೀರೆ ವ್ಯಾಪಾರಿ. ಓಡದ ಸೀರೆಯನ್ನು ಅಂಗಡಿಯಲ್ಲಿಡಬಾರದು ಎನ್ನುವುದು ಅವರ ಸಿದ್ಧಾಂತ. ಬರುವ ಭಾನುವಾರದ ಕಾರ್ಯಕ್ರಮ ಓಡಲಿಲ್ಲವೆಂದರೆ ಅದೇ ಹೊತ್ತಿಗೆ ಜ್ಯೋತಿಷಿಯನ್ನು ಕೂರಿಸುತ್ತೇನೆ ಎಂದುಬಿಟ್ಟಿದ್ದರು. ಜ್ಯೋತಿಷಿ ಆಗಲೇ ಹೊಸ ಶಾಲು ಕೊಂಡಿದ್ದ.

ಪಾಪದ ಹುಡುಗಿ ನಮ್ಮ ಮನೆಗೆ ಬಂದು ಅತ್ತಳು. ಅವಳ ಕಣ್ಣೀರು ನೋಡಿ ಇವರ ತಲೆ ಓಡತೊಡಗಿತು, ಅಲ್ಲಿಂದ ಎಲ್ಲರಿಗೂ ಕಷ್ಟ ಶುರುವಾಯಿತು. ಪಟ್ಟಣದ ಉದ್ಯಾನದಲ್ಲಿ ಮಕ್ಕಳ ರೈಲಿನ ಇಂಜಿನ್ನು ಕೆಟ್ಟು ನಿಂತಿತ್ತಲ್ಲ, ಅದನ್ನು ಹೊತ್ತು ತರಿಸಿ, ಹೊಟ್ಟೆಯೊಳಗೆ ತಾವು ಮಾಡಿಟ್ಟಿದ್ದ 'ಮಾತಿನ ಪೆಟ್ಟಿಗೆ' ಕೂರಿಸಿದರು. ಕೇಳಿದ್ದಕ್ಕೆಲ್ಲ ತಾನೇ ಯೋಚಿಸಿ ಉತ್ತರ ಕೊಡುವ ಇಂಜಿನ್ನು! ಮಂದಾಕಿನಿ ಅದಕ್ಕೆ ದೊಡ್ಡ ಮೀಸೆ ಬರೆಸಿ, 'ಗುಡುಗಪ್ಪ' ಎಂದು ಹೆಸರಿಟ್ಟು, ವಾರವಿಡೀ ಟಿವಿಯಲ್ಲಿ ಡಂಗುರ ಹೊಡೆದಳು.

ಇವರು ಗುಂಡಿ ಒತ್ತಿದರು. ಗುಡುಗಪ್ಪ ಗುರ್ ಎಂದು ಗಂಟಲು ಸರಿಮಾಡಿಕೊಂಡಿತು.

"ಚಪ್ಪಲಿ ಹೊರಗ ಬಿಡ್ರಿ. ಈಗಷ್ಟ ನೆಲಾ ಒರಸೇನಿ."

ಹಿತ್ತಲಲ್ಲಿದ್ದವರೆಲ್ಲ ಮೆಲ್ಲಗೆ ನನ್ನ ಕಡೆ ತಿರುಗಿದರು. ಅದು ನನ್ನ ಧ್ವನಿ! ಅಷ್ಟು ದೊಡ್ಡ ಮೀಸೆಯ ಕೆಳಗಿನಿಂದ ನನ್ನ ಧ್ವನಿ!

ವಿಚಾರಣೆ ಮಾಡಿದಾಗ ಸತ್ಯ ಹೊರಬಿತ್ತು. ಪೆಟ್ಟಿಗೆಗೆ ಮಾತು ಕಲಿಸಬೇಕಾದರೆ ದಿನವಿಡೀ ಬಿಡುವಿಲ್ಲದೆ ಮಾತಾಡುವವರು ಯಾರಾದರೂ ಬೇಕಿತ್ತಂತೆ. ಇವರು ಬಹಳ ಹುಡುಕಲಿಲ್ಲ. ಮಳೆಗಾಲವಿಡೀ ಅಡಿಗೆಮನೆಯ ಚಟ್ನಿಪುಡಿ ಡಬ್ಬಿಯ ಹಿಂದೆ ಮೈಕು ಅಡಗಿಸಿಟ್ಟಿದ್ದರು. ನಾನು ಸಿಟ್ಟಿನಿಂದ ಕೆಂಪಾದೆ. ಕಟ್ಟಿಕೊಂಡ ಹೆಂಡತಿಯ ಮಾತನ್ನು ಕದ್ದು ಕೇಳುವ ಗಂಡಸರ ಬಗ್ಗೆ ಕೇಳಿದ್ದೆ, ಅದನ್ನು ಕಬ್ಬಿಣದ ಇಂಜಿನ್ನಿಗೆ ತುಂಬಿಸುವವರನ್ನು ಕಂಡಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅತ್ತೆ ಎಲೆಯಡಿಕೆ ಜಗಿಯುತ್ತ, "ಒಂದ ಸಾಲದು ಅಂತ ಇನ್ನೊಂದ ಮಾಡ್ಯಾನ" ಎಂದರು.

ಬೇರೆ ಧ್ವನಿ ಹಾಕಿ ಎಂದು ಮಂದಾಕಿನಿ ಬೇಡಿಕೊಂಡಳು. ಅದಕ್ಕೆ ಇನ್ನೊಂದು ಮಳೆಗಾಲ ಬೇಕಂತೆ. ಭಾನುವಾರಕ್ಕೆ ಉಳಿದಿದ್ದದ್ದು ಒಂದೇ ದಿನ. ಸರಿ, ಗುಡುಗಪ್ಪನ ಮೀಸೆ ಅಳಿಸಿ, ಹಣೆಗೊಂದು ದೊಡ್ಡ ಕುಂಕುಮ ಬರೆದು, 'ಗುಡುಗವ್ವ' ಎಂದು ಮರುನಾಮಕರಣ ಮಾಡಿದ್ದಾಯಿತು.

ಭಾನುವಾರ ಉದ್ಯಾನದಲ್ಲಿ ನೇರ ಪ್ರಸಾರ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ನಮ್ಮ ಅತ್ತೆ. ಅವರ ಪಕ್ಕ ಉಳವಪ್ಪನವರು, ಅವರ ಹಿಂದೆ ಹೊಸ ಶಾಲಿನ ಜ್ಯೋತಿಷಿ. ಇಂಜಿನ್ನಿನ ಸೀಟಿನಲ್ಲಿ ನಮ್ಮ ಮನೆಯವರು ಹಳೆಯ ಖಾಕಿ ಇಸ್ತ್ರಿ ಮಾಡಿಸಿಕೊಂಡು ಗವರ್ನರ್ ಗತ್ತಿನಲ್ಲಿ ಕೂತಿದ್ದರು. ಇಂಜಿನ್ನಿನ ಮೂತಿಗೆ ಒಂದು ಕ್ಯಾಮೆರಾ ಕಟ್ಟಿದ್ದರು.

ಆರಂಭ ಚೆನ್ನಾಗಿಯೇ ಇತ್ತು. ಇಂಜಿನ್ನಿನ ಹಿಂದಿನ ರೈಲು ಡಬ್ಬಿ ಹತ್ತಿದ ಮಕ್ಕಳನ್ನೆಲ್ಲ ಕೈ ತೊಳೆದಿದ್ದೀರಾ ಎಂದು ಗುಡುಗವ್ವ ವಿಚಾರಿಸಿತು. ತೊಳೆಯದವರನ್ನು ಇಳಿಸಿ ನಲ್ಲಿಗೆ ಕಳಿಸಿತು. ಉಳವಪ್ಪನವರು ಹತ್ತಿರ ಬಂದಾಗ, ಇಷ್ಟು ಹೊಟ್ಟೆ ಬಿಟ್ಟುಕೊಂಡರೆ ಮೊಣಕಾಲು ಏನಾಗಬೇಕು ಎಂದು ಕಾಳಜಿಯಿಂದ ಕೇಳಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಉಳವಪ್ಪನವರು ನಗಲಿಲ್ಲ. ಮಂದಾಕಿನಿ ಅವಸರವಾಗಿ, ಈಗ ಮನೆಯಲ್ಲಿರುವ ಮಕ್ಕಳು ಫೋನು ಮಾಡಿ ಗುಡುಗವ್ವನನ್ನು ಪ್ರಶ್ನೆ ಕೇಳಬಹುದು ಎಂದು ಘೋಷಿಸಿದಳು.

ಮೊದಲ ಫೋನು ನವಲಗುಂದದ ಒಂದು ಪುಟ್ಟ ಹುಡುಗಿಯದು. ಎಷ್ಟು ಸರಳ ಪ್ರಶ್ನೆ ನೋಡಿ!

"ಗುಡುಗವ್ವಾ, ನಿನ್ನ ಡ್ರೈವರನ ಹೆಸರೇನ?"

ಗುಡುಗವ್ವನ ಮುಂದಿನ ದೀಪ ಕೆಂಪಗಾಯಿತು. ಗಾಲಿಗಳು ಒಂದಿಷ್ಟು ಒಳಗೆ ಮುದುಡಿದಂತೆ ಕಂಡವು. ಹುಡುಗಿ ಮತ್ತೆ ಕೇಳಿದಳು. ಸುತ್ತಲಿನ ಜಿಲ್ಲೆಗಳಿಗೆಲ್ಲ ಪ್ರಸಾರವಾಗುತ್ತಿದ್ದ ಕಾರ್ಯಕ್ರಮದಲ್ಲಿ ಒಂದು ಇಂಜಿನ್ನು ಕೆಂಪಗಾಗಿ ಸುಮ್ಮನೆ ನಿಂತಿತ್ತು. ಕೊನೆಗೆ ಬಹಳ ಸಣ್ಣ ದನಿ ಬಂತು.

"ಎಲ್ಲಾರ ಮುಂದ ಹೆಂಗ ಹೇಳಲಿ, ತಂಗಿ? ಹಿರ್ಯಾರು ಕುಂತಾರ."

ನನಗೆ ಆಗ ಹೊಳೆಯಿತು. ಪೆಟ್ಟಿಗೆ ನನ್ನಿಂದ ಮಾತು ಮಾತ್ರ ಕಲಿತಿರಲಿಲ್ಲ, ನಡತೆಯನ್ನೂ ಕಲಿತಿತ್ತು! ಡ್ರೈವರನೆಂದರೆ ಅದರ ಲೆಕ್ಕದಲ್ಲಿ ಮನೆಯವರು. ಮಂದಾಕಿನಿ ಜಾಣತನ ಮಾಡಿ ಡ್ರೈವರನನ್ನೇ ಬದಲಿಸಲು ನೋಡಿದಳು, ಇವರನ್ನು ಇಳಿಸಿ ಉದ್ಯಾನದ ಮಾಲಿಯನ್ನು ಸೀಟಿನಲ್ಲಿ ಕೂರಿಸಲು ಕೈ ಸನ್ನೆ ಮಾಡಿದಳು. ಮಾಲಿ ಒಂದು ಕಾಲು ಇಟ್ಟದ್ದೇ ತಡ, ಪರಗಂಡಸರಿಗೆ ಇಲ್ಲೇನು ಕೆಲಸ ಎಂದು ಗುಡುಗವ್ವ ಕೂಗಿದ ಕೂಗಿಗೆ ಅವನು ಗುಲಾಬಿ ಗಿಡದ ಮೇಲೆ ಬಿದ್ದ.

ಅಷ್ಟರಲ್ಲಿ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಮಕ್ಕಳ ಕೈಯಿಂದ ಅಜ್ಜಿಯರು ಫೋನು ಕಸಿದುಕೊಂಡಿದ್ದರು! ಒಡಪು ಹಾಕಿ ಹೇಳವಾ ಎನ್ನುವವಳೊಬ್ಬಳು, ಹೇಳಿಸದೆ ಬಿಡಬೇಡಿರೆ ಎನ್ನುವವಳೊಬ್ಬಳು. ಕುಂದಗೋಳದ ಮುದುಕಿಯೊಬ್ಬಳು ಸೋಬಾನೆಯನ್ನೇ ಶುರುಮಾಡಿದಳು. ಇಷ್ಟು ಒತ್ತಾಯಕ್ಕೆ ಯಾವ ಹೆಣ್ಣುಮಗಳು ತಾನೆ ಎದುರು ನಿಂತಾಳು? ಹಿರಿಯರ ಮುಂದೆ ನಾಚಿಕೆಯಾದಾಗ ನಾನು ಬಾಗಿಲ ಹಿಂದೆ ಸರಿಯುತ್ತೇನೆ. ಗುಡುಗವ್ವನಿಗೆ ಬಾಗಿಲಿರಲಿಲ್ಲ, ಹಳಿಯ ಮುಂದುಗಡೆ ಸಿಮೆಂಟಿನ ಸುರಂಗವಿತ್ತು. ಮಕ್ಕಳ ಡಬ್ಬಿಯನ್ನು ಅಲ್ಲೇ ಕಳಚಿ ಬಿಟ್ಟು, ನಮ್ಮ ಮನೆಯವರನ್ನು ಹೊತ್ತುಕೊಂಡು, ಕ್ಯಾಮೆರಾದ ವೈರು ಎಳೆದುಕೊಂಡು, ಸರ್ರನೆ ಅದರೊಳಗೆ ಹೊಕ್ಕಿತು.

ಈಗ ಅಲ್ಲೇ ಇಟ್ಟಿದ್ದ ಟಿವಿಯಲ್ಲಿ ಕಂಡದ್ದನ್ನು ಹೇಳಲು ನನಗೇ ನಾಚಿಕೆ. ಪರದೆಯೆಲ್ಲ ಕತ್ತಲೆ. ಕತ್ತಲೆಯೊಳಗೆ ಒಬ್ಬ ಗಂಡಸು, "ಲೇ, ಹೊರಗ ನಡಿ, ಮಂದಿ ನೋಡಾಕತ್ತಾರ" ಎನ್ನುತ್ತಿದ್ದಾನೆ. ನನ್ನ ಧ್ವನಿ, "ನಾ ಒಲ್ಲೆ" ಎನ್ನುತ್ತಿದೆ. ಮಕ್ಕಳ ಕಾರ್ಯಕ್ರಮ!

ಉಳವಪ್ಪನವರು ಎದ್ದು ನಿಂತು ಜ್ಯೋತಿಷಿಗೆ ಕೈ ಮಾಡಿದರು. ಅವನು ಶಾಲು ಸರಿಮಾಡಿಕೊಂಡ. ಮಂದಾಕಿನಿ ನನ್ನ ಕೈ ಹಿಡಿದುಕೊಂಡಳು.

"ದೊಡ್ಡವ್ವಾ, ನೀನ ಹೇಳಿಕೊಡು ಅದಕ್ಕ. ಇಲ್ಲಾಂದ್ರ ನನ್ನ ಕಾರ್ಯಕ್ರಮ ಇವತ್ತಿಗೆ ಮುಗೀತು."

ಅತ್ತೆಯ ಕಡೆ ನೋಡಿದೆ. ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಹುಡುಗಿಯ ಮುಖ ನೋಡಿದೆ. ನಾಚಿಕೆಯನ್ನು ಆಮೇಲೆ ಪಡೋಣ ಎಂದುಕೊಂಡು ಸೆರಗು ಸಿಕ್ಕಿಸಿ ಸುರಂಗದೊಳಗೆ ಬಗ್ಗಿ ನಡೆದೆ. ಒಳಗೆ ಇಂಜಿನ್ನಿನ ಕೆಂಪು ದೀಪವೊಂದೇ ಬೆಳಕು. ಆ ಬೆಳಕಿನಲ್ಲಿ ಇವರು ನನ್ನನ್ನು ಕಂಡು, ಬೈಗುಳ ಬರುತ್ತದೆಂದು ಟೊಪ್ಪಿಗೆ ಕೆಳಗೆಳೆದುಕೊಂಡರು. ನಾನು ಬೈಯಲಿಲ್ಲ. ಗುಡುಗವ್ವನ ಕಿವಿ ಎಲ್ಲಿದೆಯೋ ತಿಳಿಯದೆ ಅಂದಾಜಿನ ಮೇಲೆ ಬಗ್ಗಿ ಹೇಳಿದೆ:

"ಸುರಂಗದ ಕತ್ತಲಾಗ ದೀಪ ಹಚ್ಚಿಟ್ಟೆ,
ಊರ ಮಂದಿ ಮುಂದ ಫಕೀರಪ್ಪನವರ ಹೆಸರ ಬಿಚ್ಚಿಟ್ಟೆ."

ಇವರು ಟೊಪ್ಪಿಗೆ ಮೇಲೆತ್ತಿದರು. ಸೀಮಂತದ ದಿನ ಹೇಗೆ ನೋಡಿದ್ದರೋ ಹಾಗೇ ನೋಡಿದರು, ಬಾಯಿ ತೆರೆದುಕೊಂಡು. ನನಗೆ ಒಳಗೊಳಗೇ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಗುಡುಗವ್ವ ಸಿಳ್ಳೆ ಹೊಡೆದು, ನನ್ನನ್ನೂ ಮುಂದಿನ ಮೆಟ್ಟಿಲ ಮೇಲೆ ಹತ್ತಿಸಿಕೊಂಡು, ಬೆಳಕಿಗೆ ಬಂದು ನಿಂತು, ಅದೇ ಒಡಪನ್ನು ಊರಿಗೆಲ್ಲ ಕೇಳುವ ಹಾಗೆ ಹಾಡಿತು.

ಚಾನೆಲ್ಲಿನ ಫೋನುಗಳು ಸುಟ್ಟುಹೋಗುವಷ್ಟು ಕರೆ ಬಂದವು. ನವಲಗುಂದದ ಹುಡುಗಿ ತನ್ನ ಅವ್ವನಿಂದಲೂ ಒಡಪು ಹೇಳಿಸಿದಳು. ಮಕ್ಕಳೆಲ್ಲ ತಮ್ಮ ತಮ್ಮ ಮನೆಯಲ್ಲಿ ಅವ್ವಂದಿರನ್ನೂ ಅಜ್ಜಿಯರನ್ನೂ ಹಿಡಿದು ಕಾಡತೊಡಗಿದ್ದರು. ಉಳವಪ್ಪನವರು ಲೆಕ್ಕ ಹಾಕಿ ನೋಡಿ, ಜ್ಯೋತಿಷಿಯ ಶಾಲಿನ ದುಡ್ಡು ವಾಪಸು ಕೊಟ್ಟು ಕಳಿಸಿದರು. ಇನ್ನೊಂದು ವಾರ ಹೀಗೇ ಓಡಿದರೆ ಕಾರ್ಯಕ್ರಮ ಕಾಯಂ ಎಂದರು. ಮಂದಾಕಿನಿ ಇವರ ಕಾಲಿಗೆ ಬಿದ್ದಳು. ಇವರು ಅದೆಲ್ಲ ವಿಜ್ಞಾನ ಎಂದರು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಇನ್ನೊಂದು ಭಾನುವಾರ ಬಂತು. ಈ ಸಲ ಉದ್ಯಾನದಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ, ಹೊಸ ಇಳಕಲ್ ಸೀರೆ ಉಟ್ಟುಕೊಂಡು, ಇಂಜಿನ್ನಿನ ಧ್ವನಿ ನಮ್ಮ ಸೊಸೆಯದೇ ಎಂದು ಪಕ್ಕದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಮೊದಲ ಫೋನು ಗದಗಿನ ಒಬ್ಬ ತುಂಟ ಹುಡುಗನದು.

"ಗುಡುಗವ್ವಾ, ನಿನಗ ಅತ್ತಿ ಅದಾರೇನ?"

ಈ ಸಲ ಗುಡುಗವ್ವ ಒಂದು ಗಳಿಗೆಯೂ ನಾಚಲಿಲ್ಲ.

ಅತ್ತೆ ಗುಡಿಗೆ ಹೋದಾಗ ನಾನು ಒಲೆಗೆ ಹೇಳಿದ್ದು, ಮಲಗಿದಾಗ ಒಗ್ಗರಣೆಗೆ ಹೇಳಿದ್ದು, ಊರಿಗೆ ಹೋದಾಗ ಕಿಟಕಿಯಾಚೆಯ ಮಳೆಗೆ ಹೇಳಿದ್ದು, ಒಂದು ಮಳೆಗಾಲದ ಪೂರ್ತಿ ದಾಸ್ತಾನು ಹೊರಗೆ ಬಂತು. ಅತ್ತೆ ತುಪ್ಪದ ಗಡಿಗೆಯನ್ನು ಅಟ್ಟದ ಮೇಲೆ ಬಚ್ಚಿಡುವುದು, ಮಗಳು ಬಂದಾಗ ಮಾತ್ರ ಅದು ಕೆಳಗಿಳಿಯುವುದು, ನಾನು ಮಾಡಿದ ಎಣ್ಣೆಗಾಯಿ ಪಲ್ಯವನ್ನು ತಿಂದು ಮುಗಿಸಿ ಉಪ್ಪು ಕಡಿಮೆ ಎನ್ನುವುದು, ಎಲ್ಲ! ಇವರು ಗುಂಡಿ ಒತ್ತಿದರು, ನಿಲ್ಲಲಿಲ್ಲ. ವೈರು ಕಿತ್ತರು, ಬ್ಯಾಟರಿಯ ಮೇಲೆ ಮಾತಾಡಿತು. ಮಂದಾಕಿನಿ ಕಂಬಳಿ ಮುಚ್ಚಿದಳು, ಕಂಬಳಿಯನ್ನೂ ಅತ್ತೆಯೇ ಅಟ್ಟಕ್ಕೆ ಸೇರಿಸಿದ್ದರೆಂದು ಅದರೊಳಗಿನಿಂದಲೇ ಹೇಳಿತು. ಉಳವಪ್ಪನವರು ಇದನ್ನೇ ಓಡಿಸಲು ಜಾಹೀರಾತು ತೆಗೆಸಿದರು, ಮುಂದಿನ ವಾರ್ತೆಯನ್ನೂ ತೆಗೆಸಿದರು. ಊರ ಸೊಸೆಯಂದಿರೆಲ್ಲ ಟಿವಿ ಮುಂದೆ ಕೂತು ತಲೆದೂಗಿದರಂತೆ. ಅತ್ತೆಯಂದಿರೂ ಕೂತಿದ್ದರಂತೆ, ತಲೆದೂಗದೆ.

ನಮ್ಮ ಅತ್ತೆ ಕೊನೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆಯೇ ನಾನು ಬ್ಯಾಗು ತುಂಬಿಕೊಂಡು ಬಸ್ಸು ಹತ್ತಿದೆ. ಇದನ್ನೆಲ್ಲ ಅಣ್ಣಿಗೇರಿಯ ತವರುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮಂದಾಕಿನಿಯ ಕಾರ್ಯಕ್ರಮ ಕಾಯಂ ಆಯಿತು. ಅಷ್ಟಕ್ಕೆ ನನಗೆ ನಿಜವಾಗಿ ಸಂತೋಷವಿದೆ. ನಿನ್ನೆ ಇವರು ಫೋನು ಮಾಡಿದ್ದರು. ಅತ್ತೆ ಈಗ ತಮಗೂ ಒಂದು ಮಾತಾಡುವ ಇಂಜಿನ್ನು ಬೇಕೆಂದು ಹಟ ಹಿಡಿದು, ಮೈಕನ್ನು ತಾವೇ ಕೇಳಿ ತರಿಸಿಕೊಂಡು, ಬೆಳಗಿನಿಂದ ಅದರ ಮುಂದೆ ಕೂತಿದ್ದಾರಂತೆ. ಊಟಕ್ಕೂ ಏಳುತ್ತಿಲ್ಲವಂತೆ. ಉಳವಪ್ಪನವರು ಖುಷಿಯಿಂದ ಒಪ್ಪಿದ್ದಾರಂತೆ.

ಇಂಜಿನ್ನು ಎರಡಾಗುತ್ತವೆ, ಉದ್ಯಾನದಲ್ಲಿ ಹಳಿ ಇರುವುದು ಒಂದೇ.